ಪೊರಕೆಗೆ ಬಗ್ಗದ ಎಳೆ

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ನಮ್ಮೂರಿನಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಕೊಂಬೆ ಮುರಿದರೆ ಮುರಿದ ಜಾಗದಿಂದ ಎಳೆ ಹೊರಡುತ್ತದೆ. ಅದು ಯಾರಿಗೆ ಹೋಗಿ ಅಂಟಿತೋ ಅವರೇ ಮುರಿದವರು. ಒಮ್ಮೆ ನನ್ನ ಹೋಟೆಲಿನ ಮುಂದಿನ ಹೊಂಗೆಮರದಲ್ಲಿ ಹೀಗೇ ಆಯಿತು. ಕಾಗೆ ಕೂತಿತು, ಕೊಂಬೆ ಮುರಿಯಿತು, ಕಾಗೆ ಹಾರಿಹೋಯಿತು. ಎಳೆ ಹಿಡಿದು ಹೋಗಿ ನೋಡಿದರೆ ಅದು ಊರಾಚೆ ಮೇಕೆ ಮೇಯಿಸುತ್ತಿದ್ದ ನಂಜಪ್ಪನ ಬಲಗೈಗೆ ಅಂಟಿತ್ತು. ಸೊಪ್ಪಿಗೆಂದು ಆ ಕೊಂಬೆಯನ್ನು ಅರ್ಧ ಕಡಿದು ಬಿಟ್ಟಿದ್ದವನು ಅವನು. “ಅಯ್ಯೋ, ಅದು ಯಾವತ್ತೋ ಕಡ್ದಿದ್ದು ಕಣಕ್ಕಾ” ಎಂದ. ಯಾವತ್ತೋ ಆದರೇನು, ಮಾಡಿದ್ದುಣ್ಣೋ ಮಹಾರಾಯ ಎಂದು ಊರೆಲ್ಲ ನಕ್ಕಿತು.

ಎಳೆ ಎಂದರೆ ದೊಡ್ಡದೇನಲ್ಲ. ಹೂವು ಕಟ್ಟುವ ದಾರಕ್ಕಿಂತ ಸಣ್ಣದು, ಮಾಸಲು ಬಿಳಿ. ಹಾಲು ಉಕ್ಕಿದರೆ, ಮಡಕೆ ಒಡೆದರೆ, ಜ್ವರ ಬಂದರೆ, ಜೀವ ಹೋದರೆ ಬರುತ್ತದೆ. ಒಳ್ಳೆಯದಾದರೆ ಬರುವುದಿಲ್ಲ, ಬಂದಿದ್ದರೂ ಯಾರೂ ಹುಡುಕುತ್ತಿರಲಿಲ್ಲ ಬಿಡಿ. ಈ ಎಳೆಯ ಜೊತೆ ಬಾಳಿ ಬಾಳಿ ನಮ್ಮೂರಿನವರಿಗೆ ಕೆಲವು ಅಭ್ಯಾಸಗಳು ಬಂದಿವೆ. ನಾವು ಯಾರಿಗೂ ಏನನ್ನೂ ಕೈಯಾರೆ ಕೊಡುವುದಿಲ್ಲ. ನೆಲದ ಮೇಲಿಟ್ಟು ಬೆನ್ನು ತಿರುಗಿಸುತ್ತೇವೆ, ಬೇಕಾದವರು ಎತ್ತಿಕೊಳ್ಳಬೇಕು. ಬುದ್ಧಿ ಹೇಳುವುದಿಲ್ಲ. ಹುಷಾರಾಗಿ ಹೋಗಿ ಬಾ ಎನ್ನುವುದಂತೂ ಇಲ್ಲವೇ ಇಲ್ಲ, ಹೋದವನು ದಾರಿಯಲ್ಲಿ ಎಡವಿದರೆ? ನಾನು ಹೋಟೆಲಿನಲ್ಲಿ ದೋಸೆ ಹಾಕಿ ಕೊಡುವಾಗ ಪ್ರತಿ ಗಿರಾಕಿಗೂ “ನೀವಾಗೇ ಕೇಳಿದ್ರಿ” ಎಂದು ಹೇಳಿಯೇ ತಟ್ಟೆ ಇಡುತ್ತಿದ್ದೆ. ಅವರೂ “ಹೌದು ಮಂಗಳಕ್ಕ, ನಾನೇ ಕೇಳ್ದೆ” ಎಂದು ಒಪ್ಪಿಕೊಂಡು ತಿನ್ನುತ್ತಿದ್ದರು. ಸರ್ವಮಂಗಳೆ ಎಂದು ನನ್ನ ಹೆಸರು, ಕರೆಯುವುದು ಮಂಗಳಕ್ಕ ಎಂದು. ಬಾಯಿ ಜೋರು ಎನ್ನುತ್ತಾರೆ, ಇರಲಿ.

ಎಳೆ ಕಂಡ ಕೂಡಲೇ ಸವರಬೇಕು. ಇದು ಎಲ್ಲಕ್ಕಿಂತ ಹಳೆಯ ಪದ್ಧತಿ. ಯಾವ ಕೇಡಿನ ಮೇಲೂ ಮೊದಮೊದಲು ಜೇಡರಬಲೆಯ ಹಾಗೆ ಏನೇನೋ ಮುಸುಕಿಕೊಂಡಿರುತ್ತದೆ, ಅದು ಬರೀ ಕಸ ಎಂದು ನಮ್ಮ ನಂಬಿಕೆ. ಅಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಹುಲ್ಲುಪೊರಕೆ ಹಿಡಿದು, ಕಣ್ಣು ಮುಚ್ಚಿ, ಒಂದು ಸಲ ಸವರಿ ಮುಂದಿನವರಿಗೆ ಬಿಡಬೇಕು. ಉಳಿದವರು ತಲೆ ತಗ್ಗಿಸಿ ನಿಂತಿರಬೇಕು. ಕಣ್ಣು ಬಿಟ್ಟು ನೋಡಿದವರಿಗೆ ದೃಷ್ಟಿ ಹೋಗುತ್ತದೆ ಎಂದು ಹುಟ್ಟಿದಾಗಿನಿಂದ ಹೇಳಿಸಿಕೊಂಡವರು ನಾವು. ಎಲ್ಲರೂ ಸವರಿದ ಮೇಲೆ ಉಳಿದದ್ದೇ ನಿಜವಾದ ಎಳೆ. ನಿಜವಾದ ಎಳೆ ಪೊರಕೆಗೆ ಬಗ್ಗುವುದಿಲ್ಲ ಎನ್ನುವುದು ನಮ್ಮೂರಿನ ಗಾದೆ. ಏನೂ ಉಳಿಯದಿದ್ದರೆ, ಕಾಲ ಬಂದಿತ್ತು ಪಾಪ, ಎಂದುಕೊಂಡು ಮನೆಗೆ ಹೋಗುತ್ತಿದ್ದೆವು.

ಉಳಿದ ಎಳೆಯನ್ನು ಹಿಡಿದು ನಡೆಯುವವರು ಚಾವಡಿಯ ಮರಿದೇವಯ್ಯನವರು. ಅದು ತಲುಪಿದವರ ಮಣಿಕಟ್ಟಿಗೆ ಅವರು ದಾರದ ಗಂಟು ಹಾಕುತ್ತಾರೆ. ಮಡಕೆ ಕುಡಿಕೆಯದಾದರೆ ಬರುವ ಅಮಾವಾಸ್ಯೆಯವರೆಗೆ ಗಂಟು ಹೊತ್ತು ತಿರುಗಿದರೆ ಮುಗಿಯಿತು. ಜೀವ ಹೋದದ್ದಾದರೆ ಆ ದಿನ ಹೊತ್ತು ಮುಳುಗುವುದರೊಳಗೆ ಊರ ಗಡಿಯ ಹುಣಸೆ ಬಾಗಿಲು ದಾಟಿ ಊರು ಬಿಡಬೇಕು, ತಿರುಗಿ ಬರುವ ಹಾಗಿಲ್ಲ. ಅದಕ್ಕೇ ನಮ್ಮೂರಿನಲ್ಲಿ ಸಾವಿಗೆ ಬರುವಷ್ಟು ಜನ ಮದುವೆಗೆ ಬರುವುದಿಲ್ಲ. ಬಾರದವನಿಗೆ ಎಳೆ ಅಂಟುತ್ತದೆ ಎಂಬ ಭಯ. ಮಲಗಿದವರೂ ಎದ್ದು ಓಡಿಬರುತ್ತಾರೆ.

ಚನ್ನವೀರ ಸತ್ತದ್ದು ಬೆಳಗಿನ ತಿಂಡಿಯ ಹೊತ್ತಿಗೆ. ಅವನು ನನ್ನ ತಂಗಿ ನೀಲಾಂಬಿಕೆಯ ಗಂಡ, ಹೆಂಚು ಹೊದಿಸುವುದರಲ್ಲಿ ಗಟ್ಟಿಗ. ಚಾವಡಿಯ ಮಾಡು ಸೋರುತ್ತದೆಂದು ಮರಿದೇವಯ್ಯನವರು ಹೇಳಿಕಳಿಸಿದ್ದರು. ಚಾವಡಿ ನನ್ನ ಹೋಟೆಲಿನ ಎದುರಿಗೇ ಇರುವುದರಿಂದ ಅಲ್ಲಿ ಆಡಿದ ಮಾತೆಲ್ಲ ನನ್ನ ಕಿವಿಗೆ ಬೀಳುತ್ತದೆ. “ಹೆಂಚಿನ ಮೇಲೆ ಪಾಚಿ ಒದ್ದೆ ಇದೆ ಬುದ್ಧಿ, ಬಿಸ್ಲೇರಲಿ” ಎಂದ ಚನ್ನವೀರ. “ಮಧ್ಯಾಹ್ನ ಜನ ಸೇರ್ತಾರೆ, ಅಷ್ಟ್ರಲ್ಲಿ ಮುಗ್ದಿದ್ರೆ ಚೆನ್ನಾಗಿತ್ತು” ಎಂದರು ಮರಿದೇವಯ್ಯ, ಹೇಳಿದ್ದು ಅವನಿಗಲ್ಲ, ಗೋಡೆಗೆ. ಏಣಿ ರಾಚಪ್ಪನದು. ಒಂದು ಮೆಟ್ಟಿಲು ಬಿರುಕುಬಿಟ್ಟು ಅದಕ್ಕೆ ಗೋಣಿದಾರ ಸುತ್ತಿದ್ದ. ತಂದು ಗೋಡೆಗೆ ಒರಗಿಸಿ, ಬೆನ್ನು ತಿರುಗಿಸಿ ನಿಂತ. ಚನ್ನವೀರ ತಾನಾಗಿಯೇ ತೆಗೆದುಕೊಂಡ. ಎಲ್ಲ ಪದ್ಧತಿಯ ಪ್ರಕಾರವೇ ನಡೆಯಿತು.

ನೀಲಿ ನನ್ನ ಹತ್ತಿರ ಗಂಡನ ತಿಂಡಿಗೆ ಬಂದಳು. ಮೆಂತ್ಯದ ದೋಸೆ, ಅವನಿಗೆ ಪ್ರಾಣ. ಎರಡೂ ಬದಿ ಕೆಂಪಗೆ ಬೇಯಿಸಿ ಬಾಳೆ ಎಲೆಯಲ್ಲಿ ಸುತ್ತಿಟ್ಟು, “ಬಿಸಿ ಬಿಸಿ ತಿನ್ನಲಿ ಕಣೆ, ಆರಿದ್ರೆ ಚಕ್ಕಳ ಆಗತ್ತೆ” ಎಂದೆ. ಅವಳು ಎಲೆ ಹಿಡಿದು ರಸ್ತೆ ದಾಟಿದಳು. ಚಾವಡಿಯ ಕೆಳಗೆ ನಿಂತು, “ರೀ, ಇಳೀರಿ, ದೋಸೆ ಬಿಸಿ ಇದೆ” ಎಂದು ಕೂಗಿದಳು. ಅವನು ಅತ್ತ ಮುಖ ಮಾಡಿ ಕೂತಿದ್ದವನು ಇತ್ತ ತಿರುಗಿದ. ನಗುತ್ತಿದ್ದ. ಒದ್ದೆ ಹೆಂಚಿನ ಮೇಲೆ ಕಾಲು ಸರ್ರನೆ ಜಾರಿ ಏಣಿಯ ಮೇಲೆ ಬಿತ್ತು, ಗೋಣಿದಾರದ ಮೆಟ್ಟಿಲು ಲಟಕ್ಕೆಂದಿತು. ನಾನು ಹಿಟ್ಟಿನ ಸೌಟು ಹಿಡಿದು ನೋಡುತ್ತಲೇ ಇದ್ದೆ. ಚಪ್ಪಡಿಯ ಮೇಲೆ ತಲೆ ಬಡಿದ ಸದ್ದು ಇವತ್ತಿಗೂ ನನಗೆ ಒಗ್ಗರಣೆಯ ಸಾಸಿವೆ ಸಿಡಿದಾಗೆಲ್ಲ ಕೇಳುತ್ತದೆ. ಒಲೆಯ ಮೇಲೆ ದೋಸೆ ಹೊತ್ತಿಹೋಯಿತು, ನನಗೆ ಅದರ ಪರಿವೆ ಇರಲಿಲ್ಲ.

ಓಡಿದೆ. ನೀಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಿದ್ದಳು.  ಅವಳನ್ನು ಹಿಂದಿನಿಂದ ಅಪ್ಪಿ ಹಿಡಿದುಕೊಂಡೆ. ನನ್ನ ಕೈಯ ಹಿಟ್ಟೆಲ್ಲ ಅವಳ ಸೀರೆಗೆ ಮೆತ್ತಿತು. ಆಗ ಚನ್ನವೀರನ ಮೈಯಿಂದ ಎಳೆಗಳು ಏಳತೊಡಗಿದವು. ಅಷ್ಟು ಹತ್ತಿರದಿಂದ, ಅಷ್ಟು ಬೇಗ ನಾನು ಎಂದೂ ನೋಡಿರಲಿಲ್ಲ. ನನಗೆ ಎಷ್ಟು ಆಘಾತವಾಗಿತ್ತೆಂದರೆ ತಲೆ ತಗ್ಗಿಸುವುದೇ ಮರೆತುಹೋಯಿತು. ದೃಷ್ಟಿ ಹೋಗಲಿಲ್ಲ. ಇನ್ನೂ ಚೆನ್ನಾಗಿ ಕಂಡಿತು.

ಜನ ಓಡಿ ಬಂದರು. ಯಾರೋ ಪೊರಕೆ ತಂದರು. ಮೊದಲು ರಾಚಪ್ಪ ಹಿಡಿದ. ಚನ್ನವೀರನ ಕಾಲಿನಿಂದ ಹೊರಟ ಒಂದು ಎಳೆ ನೆಟ್ಟಗೆ ರಾಚಪ್ಪನ ಬೆರಳಿಗೆ ಹೋಗಿತ್ತು. ನಾನು ನೋಡಿದೆ, ಎರಡು ಮೊಳ ದೂರದಿಂದ ನೋಡಿದೆ. ಅವನು ಕಣ್ಣು ಮುಚ್ಚಿ ಪೊರಕೆ ಆಡಿಸಿದ. ಪೊರಕೆ ಮೊದಲು ನೀಲಿಯ ಎಳೆಯ ಮೇಲೆ ಹಾದುಹೋಯಿತು. ಅದು ಬಗ್ಗಿ ಮತ್ತೆ ಎದ್ದು ನಿಂತಿತು. ಪಕ್ಕದ ಇನ್ನಾರದೋ ಎಳೆಯ ಮೇಲೆ ಹಾಯಿತು, ಅದೂ ಹಾಗೇ ಎದ್ದಿತು. ರಾಚಪ್ಪನ ಎಳೆಗೆ ತಗಲಿದ್ದೇ ತಡ, ಅದು ತುಂಡಾಗಿ ಧೂಳಾಗಿ ಹೋಯಿತು. ಅವನು ಪೊರಕೆ ಕೆಳಗಿಟ್ಟು ಬೆನ್ನು ತಿರುಗಿಸಿದ. ಆಮೇಲೆ ಏಣಿ ಹಿಡಿದುಕೊಂಡಿರುತ್ತೇನೆ ಎಂದು ಹೇಳಿ ಎಲೆಅಡಿಕೆ ತರಲು ಹೋಗಿದ್ದವನು ಬಂದ. ಅವನು ಏನನ್ನೂ ಮಾಡಿರಲಿಲ್ಲ, ಆದರೂ ಅವನಿಗೊಂದು ಎಳೆ ಇತ್ತು. ಏನೂ ಮಾಡದ್ದಕ್ಕೇ ಇತ್ತು. ಸವರಿದ, ಅವನದು ಮಾತ್ರ ಹೋಯಿತು. ಹೀಗೆ ಬೀದಿಗೆ ಬೀದಿಯೇ ಬಂತು. ಒಬ್ಬರ ಪೊರಕೆಗೆ ಇನ್ನೊಬ್ಬರ ಎಳೆ ಬಗ್ಗಲಿಲ್ಲ. ಪ್ರತಿಯೊಬ್ಬರೂ ತಮ್ಮದನ್ನು ಮಾತ್ರ ಕಡಿದುಕೊಂಡು ಹೋದರು.

 ಅಯ್ಯೋ ಶಿವನೇ, ಇಷ್ಟು ಕಾಲ ನಾವು ಮಾಡಿದ್ದೇನು? ಕಸ ಎಂದುಕೊಂಡು ಗುಡಿಸಿದ್ದೇನು? ಹುಣಸೆ ಬಾಗಿಲು ದಾಟಿ ಹೋದವರ ಮುಖಗಳು ಕಣ್ಣಿಗೆ ಬಂದವು. ಜ್ವರದಲ್ಲಿ ಕೂಸು ಕಳೆದುಕೊಂಡ ಕಾತ್ಯಾಯಿನಿ. ಹೆಂಡತಿ ಸತ್ತ ದಿನ ಗೋಡೆಗೆ ತಲೆ ಚಚ್ಚಿಕೊಂಡ ಬಳೆ ಅಂಗಡಿಯ ರುದ್ರಯ್ಯ. ಅವರು ಪೊರಕೆ ಹಿಡಿದಿರಲಿಲ್ಲ. ಹಿಡಿಯುವ ತ್ರಾಣ ಇರಲಿಲ್ಲ, ಅಳುತ್ತಿದ್ದರು. ಅಷ್ಟು ಅಳಬೇಕಾದರೆ ಏನೋ ಮಾಡಿರಲೇಬೇಕು ಎಂದು ನಾವೇ ಆಡಿಕೊಂಡಿದ್ದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ನಾವು ಅದಕ್ಕಿಂತ ಮುಂದೆ ಹೋದವರು. ಯಾವ ಎಮ್ಮೆ ಹೆಚ್ಚು ಅತ್ತಿತೋ ಅದನ್ನು ಹುಡುಕಿ ಬರೆ ಹಾಕಿದ್ದೆವು.

ಅಷ್ಟರಲ್ಲಿ ಚನ್ನವೀರನ ತಾಯಿ ಗುರುಸಿದ್ದಮ್ಮನನ್ನು ಇಬ್ಬರು ಹೆಂಗಸರು ರಟ್ಟೆ ಹಿಡಿದು ಕರೆತಂದರು. “ವೀರಾ, ಏನಾಯ್ತಪ್ಪಾ” ಎಂದು ಮುದುಕಿ ಬೋರಾಡುತ್ತಿದ್ದಳು. ಅವಳ ಕೈಗೂ ಪೊರಕೆ ತುರುಕಿ, “ಸವರಿಬಿಡಿ ಅವ್ವಾ, ತಡ ಮಾಡ್ಬೇಡಿ” ಎಂದು ಅವರೇ ಕೈ ಹಿಡಿದು ಆಡಿಸಿದರು. ಕೊನೆಗೆ ಮರಿದೇವಯ್ಯನವರು ಬಂದರು. ಎಳೆ ಹಿಡಿಯುವ ಮುನ್ನ ಸವರುವುದು ಅವರಿಗೂ ಕಟ್ಟಳೆ. ಅವರ ನಾಲಗೆಯಿಂದ ಒಂದು ಎಳೆ ಹೊರಟಿತ್ತು. ಸವರಿದರು, ಹೋಯಿತು. ಎಷ್ಟು ನಿರಾಳವಾಗಿ ಸವರಿದರೆಂದರೆ ಹಣೆಯ ಬೆವರು ಒರೆಸಿಕೊಂಡ ಹಾಗಿತ್ತು.

ನಾನು ಪೊರಕೆ ಎಳೆದುಕೊಂಡು ನೀಲಿಯ ಕೈಗಿಟ್ಟೆ. “ಸವರೇ. ಬೇಗ ಸವರು. ಆಮೇಲೆ ಎಲ್ಲಾ ಹೇಳ್ತೀನಿ” ಎಂದು ಕಿವಿಯಲ್ಲಿ ಹೇಳಿದೆ. ಅವಳು ನನ್ನನ್ನು ನೋಡಿದಳು. ಪೊರಕೆಯನ್ನು ನೋಡಿದಳು. ಚನ್ನವೀರನ ತುಟಿಯ ಹತ್ತಿರದಿಂದ ಹೊರಟು ಅವಳ ಕೊರಳಿಗೆ ಬಂದಿದ್ದ ಆ ಎಳೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಬೇಡ ಎಂದು ತಲೆಯಾಡಿಸಿದಳು. ನನಗೆ ಕೆನ್ನೆಗೆ ಬಾರಿಸಿಬಿಡುವಷ್ಟು ಸಿಟ್ಟು ಬಂತು. “ಬಿಡೇ ಹುಚ್ಚೀ” ಎಂದು ಬೆರಳು ಬಿಡಿಸಲು ನೋಡಿದೆ. ಅವಳು ಬಿಡಲಿಲ್ಲ.

ಮರಿದೇವಯ್ಯ ಗಂಟಲು ಸರಿಮಾಡಿಕೊಂಡರು. “ಎಳೆ ನೀಲಾಂಬಿಕೆದು. ಎತ್ತರದಲ್ಲಿರೋನ್ನ ಕೂಗಿ ಕರೆದಿದ್ದಾಳೆ. ಕರೀದೇ ಇದ್ದಿದ್ರೆ ತಿರುಗ್ತಿರಲಿಲ್ಲ, ತಿರುಗ್ದೇ ಇದ್ದಿದ್ರೆ ಬೀಳ್ತಿರಲಿಲ್ಲ. ಹೊತ್ತು ಮುಳುಗೋದ್ರೊಳಗೆ ಹುಣಸೆ ಬಾಗಿಲು ದಾಟ್ಲಿ.” ಜನ ಹೂಂಗುಟ್ಟಿದರು. ಗಂಡನ ಹೆಣ ಇನ್ನೂ ತೊಡೆಯ ಮೇಲೆ ಬೆಚ್ಚಗಿತ್ತು.

ನನ್ನ ಬಾಯಿ ಸುಮ್ಮನಿರುವುದಲ್ಲ. “ಒಂದ್ನಿಮಿಷ ಬುದ್ಧೀ” ಎಂದೆ. “ಅವಳು ಕರೀದೇ ಇದ್ದಿದ್ರೆ ಬೀಳ್ತಿರಲಿಲ್ಲ, ಸರಿ. ಏಣಿ ಮುರೀದೇ ಇದ್ದಿದ್ರೆ? ಹಿಡ್ಕೋತೀನಿ ಅಂದೋನು ಹಿಡ್ಕೊಂಡಿದ್ದಿದ್ರೆ? ಬಿಸ್ಲೇರಲಿ ಅಂತ ಅವನಂದಾಗ ನೀವು ಗೋಡೆಗೆ ಮಾತಾಡ್ದೇ ಇದ್ದಿದ್ರೆ? ನಿಮಗೆಲ್ಲಾ ಎಳೆ ಇತ್ತು. ನಾನು ಕಣ್ಣಾರೆ ಕಂಡೆ. ಒಬ್ಬೊಬ್ರೂ ನಿಮ್ಮ ನಿಮ್ಮದನ್ನ ಕಡ್ಕೊಂಡ್ರಿ.”

 ರಾಚಪ್ಪ, “ನನ್ನ ಏಣಿ ನಾನು ಕೊಡ್ಲಿಲ್ಲಮ್ಮಾ, ಒರಗಿಸಿದ್ದೆ. ಅವನಾಗೇ ತಗೊಂಡ” ಎಂದ. ಎಲೆಅಡಿಕೆಯವನು, “ನಾನಿಲ್ಲಿ ಇರ್ಲೇ ಇಲ್ಲ, ಇಲ್ದೇ ಇರೋನು ಹೆಂಗೆ ಬೀಳಿಸ್ತಾನೆ?” ಎಂದ. ಮರಿದೇವಯ್ಯ ಸಮಾಧಾನದ ದನಿಯಲ್ಲಿ, “ಸಂಕಟಕ್ಕೆ ಹಾಗನ್ನಿಸತ್ತಮ್ಮ. ನೋಡು, ನನ್ನ ಮೈಮೇಲೆ ಎಳೆ ಇದ್ಯಾ? ಇವನ ಮೈಮೇಲೆ ಇದ್ಯಾ? ಇರೋದು ಅವಳ ಮೇಲೆ. ಕಣ್ಣಿಗೆ ಕಾಣೋದನ್ನ ಬಿಟ್ಟು ಇನ್ನೇನ್ನ ನಂಬೋದು?” ಎಂದರು.

ಬೆಂಕಿ ಬಿದ್ದ ಹಾಗಾಯಿತು ನನಗೆ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಧೂಳಾಗಿ ಹೋದದ್ದನ್ನು ಎಲ್ಲಿಂದ ತಂದು ತೋರಿಸಲಿ? ಆ ಹೊಂಗೆಮರದ ಕಾಗೆಯ ಕಾಲಿಗೂ ಒಂದು ಎಳೆ ಇದ್ದಿರಬೇಕು, ನಾವು ಯಾರೂ ತಲೆ ಎತ್ತಿ ನೋಡಿರಲಿಲ್ಲ. ಸಿಟ್ಟಿಗೆ ಮರಿದೇವಯ್ಯನವರ ಮುಖದ ಮುಂದೆ ಕೈ ಚಾಚಿದೆ. ಚಾಚಿದ ಮೇಲೆ ನನ್ನ ಕಣ್ಣಿಗೇ ಬಿತ್ತು. ಅಂಗೈಯಲ್ಲಿ ಒಣಗುತ್ತಿದ್ದ ಮೆಂತ್ಯದ ಹಿಟ್ಟಿನ ನಡುವಿನಿಂದ ಒಂದು ಎಳೆ ಹೊರಟು, ನೀಲಿಯ ಪಕ್ಕದಲ್ಲಿ ಬಿದ್ದಿದ್ದ ಬಾಳೆ ಎಲೆಯ ಮೇಲೆ ಹಾದು, ಚನ್ನವೀರನ ಎದೆಗೆ ಹೋಗಿತ್ತು. ತಂಗಿಯನ್ನು ಹಿಡಿದುಕೊಂಡಿದ್ದ ನಾನು ಸವರಿರಲೇ ಇಲ್ಲ. ಬಿಸಿ ಬಿಸಿ ತಿನ್ನಲಿ ಎಂದವಳು ನಾನೇ.

“ಎರಡು” ಎಂದರು ಯಾರೋ. ಎರಡು ಎಳೆ ಉಳಿದದ್ದನ್ನು ನಮ್ಮೂರು ಕಂಡಿರಲಿಲ್ಲ. ಮರಿದೇವಯ್ಯನವರು ಬಗ್ಗಿ ಪೊರಕೆಯನ್ನು ತಾವೇ ಎತ್ತಿಕೊಂಡರು. ನೆಲದ ಮೇಲಿಟ್ಟು ಬೆನ್ನು ತಿರುಗಿಸಲಿಲ್ಲ, ನನ್ನ ಕೈಗೇ ಕೊಟ್ಟರು. ಅಷ್ಟು ಗಾಬರಿಯಾಗಿದ್ದರು. “ನೀನು ಸವರಿಲ್ವಲ್ಲಮ್ಮ. ಸವರು, ಹೋಗತ್ತೆ.”

“ಹೋಗತ್ತೆ ಅಂತ ನಿಮಗೆ ಹೆಂಗೊತ್ತು?” ಎಂದೆ. “ನಿಜವಾದ ಎಳೆ ಪೊರಕೆಗೆ ಬಗ್ಗಲ್ಲ ಅಲ್ವಾ?”

 ಅವರ ಕಣ್ಣು ಆ ಕಡೆ ಈ ಕಡೆ ಹೋಯಿತು. ಗೊತ್ತಿತ್ತು. ಆ ಮನುಷ್ಯನಿಗೆ ಮೊದಲಿನಿಂದಲೂ ಗೊತ್ತಿತ್ತು. ನನಗೆ ಆದ ಆಘಾತಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ಇದನ್ನೇ ಹೇಳುತ್ತೇನೆ. ಪೊರಕೆ ನನ್ನ ಕೈಯಲ್ಲಿತ್ತು. ಒಂದು ಸಲ ಆಡಿಸಿದರೆ ಹೋಟೆಲು ಉಳಿಯುತ್ತಿತ್ತು, ಊರು ಉಳಿಯುತ್ತಿತ್ತು. ನೀಲಿ ಒಬ್ಬಳೇ ಹುಣಸೆ ಬಾಗಿಲು ದಾಟುತ್ತಿದ್ದಳು. ಪೊರಕೆಯನ್ನು ಚಾವಡಿಯ ಮಾಡಿನ ಮೇಲಕ್ಕೆ ಬೀಸಿ ಎಸೆದೆ. “ಕಳಿಸೋದಾದ್ರೆ ಇಬ್ರನ್ನೂ ಕಳಿಸಿ. ಹೇಳಿ ಕಳಿಸಿದ್ದು ನಾನು, ಕೂಗಿದ್ದು ಅವಳು. ಮುರಿದ ಏಣಿ ಊರಲ್ಲೇ ಇರ್ಲಿ, ಪೂಜೆ ಮಾಡ್ಕೊಳಿ” ಎಂದೆ.

ಆಗ ಗುರುಸಿದ್ದಮ್ಮ ಬಾಯಿಬಿಟ್ಟಳು. ಅಲ್ಲಿಯವರೆಗೆ ಮಗನ ಪಾದ ಹಿಡಿದುಕೊಂಡು ಕೂತಿದ್ದವಳು ತಲೆ ಎತ್ತದೆಯೇ ಅಂದಳು: “ನಂದೂ ಇತ್ತು.”

“ಅವ್ವಾ, ನೀವು ಸುಮ್ನಿರಿ” ಎಂದಳು ರಟ್ಟೆ ಹಿಡಿದಿದ್ದ ಹೆಂಗಸು.

“ನಂದೂ ಇತ್ತು ಕಣ್ರವ್ವಾ. ನೀವು ಕೈ ಹಿಡಿದು ಆಡಿಸ್ವಾಗ ನಾನು ಕಣ್ಣು ಬಿಟ್ಟಿದ್ದೆ. ಅವನ ಹೊಕ್ಕಳಿಂದ ಬಂದಿತ್ತು. ಎಲ್ಲಾರ್ದುಕ್ಕಿಂತ ದಪ್ಪ ಇತ್ತು. ನಾನು ಹೆರ್ದೇ ಇದ್ದಿದ್ರೆ ಬೀಳ್ತಿದ್ನಾ ನನ್ ಮಗ? ಹುಟ್ದಾಗ ಒಂದ್ಸಲ ಕಡಿದಿದ್ರು. ಇವತ್ತು ನನ್ ಕೈಲೇ ಕಡಿಸಿಬಿಟ್ರಿ.” ಅಷ್ಟು ಹೇಳಿ ಮುದುಕಿ ಖಾಲಿ ಹೊಟ್ಟೆಯ ಮೇಲೆ ಕೈ ಸವರಿಕೊಂಡಳು, ಅಲ್ಲಿ ಇನ್ನೂ ಏನಾದರೂ ಉಳಿದಿದೆಯೇ ಎಂದು ಹುಡುಕುವ ಹಾಗೆ.

 ರಾಚಪ್ಪ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ. ಎದ್ದು, ನನ್ನದೂ ಇತ್ತು ಎಂದಾನು ಎಂದುಕೊಂಡೆ. ಅನ್ನಲಿಲ್ಲ. ಯಾರೂ ಅನ್ನಲಿಲ್ಲ, ನಾನು ಸುಳ್ಳು ಹೇಳುವುದಿಲ್ಲ. ಮರಿದೇವಯ್ಯನವರು ಗಂಟಿನ ದಾರವನ್ನು ಅಂಗಿಯ ಜೇಬಿನಿಂದ ತೆಗೆದರು, ನೀಲಿಯ ಕಡೆ ಒಂದು ಹೆಜ್ಜೆ ಇಟ್ಟರು, ಮುದುಕಿಯ ಹೊಟ್ಟೆಯ ಮೇಲಿದ್ದ ಕೈ ನೋಡಿದರು. ದಾರ ಮತ್ತೆ ಜೇಬಿಗೆ ಹೋಯಿತು. “ನಾಳೆ ನೋಡೋಣ” ಎಂದು ಚಾವಡಿಯೊಳಕ್ಕೆ ಹೋಗಿ ಬಾಗಿಲು ಹಾಕಿಕೊಂಡರು. ಆ ನಾಳೆ ಇನ್ನೂ ಬಂದಿಲ್ಲ. ಹೊತ್ತು ಮುಳುಗುವ ಮೊದಲೇ ಚನ್ನವೀರನನ್ನು ಮಣ್ಣು ಮಾಡಿದೆವು. ಹೊತ್ತವರಲ್ಲಿ ರಾಚಪ್ಪನೂ ಇದ್ದ.

ಆ ಸಂಜೆ ಹೋಟೆಲಿನ ಹಿಂದಿನ ಜಗಲಿಯಲ್ಲಿ ನೀಲಿಯ ತಲೆಗೆ ನೀರು ಹಾಕಿ ಕೂರಿಸಿದ್ದೆ. ಒಳಗಿನ ಸಿಟ್ಟು ಇನ್ನೂ ಆರಿರಲಿಲ್ಲ. “ಅಷ್ಟು ಹೇಳಿದ್ರೂ ಯಾಕೆ ಸವರಲಿಲ್ಲವೇ ನೀನು? ಅವರು ಕಳಿಸಿಬಿಟ್ಟಿದ್ರೆ ಏನು ಗತಿಯಾಗ್ತಿತ್ತು?” ಎಂದು ಗದರಿದೆ.

“ಅಕ್ಕಾ, ನಾನು ಕರೀದೇ ಇದ್ದಿದ್ರೆ ಅವರು ಬೀಳ್ತಿರಲಿಲ್ಲ ಅಲ್ವಾ?” ಎಂದಳು.

ಇಡೀ ಊರಿನ ಬಾಯಿ ಮುಚ್ಚಿಸಿದವಳು ನಾನು. ಅವಳಿಗೆ ಏನು ಹೇಳಲಿ? ಇಲ್ಲ ಎಂದರೆ ಸುಳ್ಳು, ಅವಳ ಕೊರಳಲ್ಲೇ ಇತ್ತಲ್ಲ. “ದೋಸೆ ಬಿಸಿ ಇತ್ತಲ್ಲೇ” ಎಂದೆ. “ಅದಕ್ಕೆ ನೀನು ಕರ್ದೆ.” ಹೇಳಿ ನಾನೇ ಅತ್ತುಬಿಟ್ಟೆ.

ಅವಳು ಅಳಲಿಲ್ಲ. ಎಳೆ ಜಗಲಿಯ ಕಂಬದ ಪಕ್ಕದಿಂದ ಹಾದು ಹಿತ್ತಲು ದಾಟಿ ಅವನನ್ನು ಮಲಗಿಸಿದ ಕಡೆಗೆ ಹೋಗಿತ್ತು. ಅವಳು ಅದನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದಿದ್ದಳು. “ಕರ್ದಾಗ ತಿರುಗಿ ನನ್ನ ನೋಡಿ ನಕ್ಕರು ಅಕ್ಕಾ. ಆ ನಗು ಇದರಲ್ಲಿದೆ. ಇದನ್ನೂ ಗುಡಿಸಿ ಹಾಕಿದ್ರೆ ಅವರದ್ದು ಅಂತ ನನಗೆ ಇನ್ನೇನು ಉಳಿಯತ್ತೆ ಹೇಳು?”

ಈಗ ಅವಳು ನನ್ನ ಹೋಟೆಲಿನಲ್ಲೇ ಇದ್ದಾಳೆ, ಗುರುಸಿದ್ದಮ್ಮನೂ ಜೊತೆಗಿದ್ದಾಳೆ. ಹಿತ್ತಲ ಕಿಟಕಿಯಿಂದ ಒಳಬರುವ ಎರಡು ಎಳೆಗಳಲ್ಲಿ ಒಂದು ಒಲೆಯ ಮುಂದೆ ನಿಂತ ನನಗೆ, ಒಂದು ಚಟ್ನಿ ಬಡಿಸುವ ನೀಲಿಗೆ. ನೀವಾಗೇ ಕೇಳಿದ್ರಿ ಎಂದು ನಾನೀಗ ಯಾರಿಗೂ ಹೇಳುವುದಿಲ್ಲ, ತಟ್ಟೆಯನ್ನು ಕೈಗೇ ಕೊಡುತ್ತೇನೆ. ಹೊಸದರಲ್ಲಿ ಜನ ಹೆದರಿ ಬರುತ್ತಿರಲಿಲ್ಲ. ಈಗ ಬರುತ್ತಾರೆ. ಮೊನ್ನೆ ರಾಚಪ್ಪ ಬಂದಿದ್ದ. ನೀಲಿಯ ಎಳೆಗೆ ತಲೆ ತಗಲದಂತೆ ಆಳವಾಗಿ ಬಗ್ಗಿ ಒಳಗೆ ಬಂದು ಮೂಲೆಯಲ್ಲಿ ಕೂತ. ಮೆಂತ್ಯದ ದೋಸೆ ಕೊಟ್ಟೆ. ಬಹಳ ಹೊತ್ತು ಮುಟ್ಟದೆ ಕೂತಿದ್ದ. ಗುರುಸಿದ್ದಮ್ಮ ಅವನ ಹತ್ತಿರ ಹೋಗಿ ನಿಂತು, “ತಿನ್ನಪ್ಪ, ಆರಿಹೋಗ್ತದೆ” ಎಂದಳು.